ಘಟ್ಟದ ಮೇಲಿಂದ ಗೋವಾವನ್ನು ಓದುವ ಕ್ರಮ

ಕಲಬುರಗಿಯ ವಾಚನಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಟಿಪ್ಪಣಿ ಪುಸ್ತಕಗಳಲ್ಲಿ ಗೋವಾ ಅರ್ಧ ಪುಟದಲ್ಲಿ ಮುಗಿದುಹೋಗಿರುತ್ತದೆ. ವಿಸ್ತೀರ್ಣ 3,702 ಚದರ ಕಿಲೋಮೀಟರ್, ರಾಜಧಾನಿ ಪಣಜಿ, ಪೋರ್ಚುಗೀಸರು ಗೆದ್ದದ್ದು 1510, ವಿಮೋಚನೆ 1961, ರಾಜ್ಯವಾದದ್ದು 1987. ಈ ಐದು ಸಂಗತಿಗಳಲ್ಲಿ ಒಂದೂ ತಪ್ಪಲ್ಲ, ಆದರೆ ಒಂದಕ್ಕೊಂದು ಕೊಂಡಿಯಿಲ್ಲದ ಕಾರಣ ಅವು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠವಾಗಿ, ಪರೀಕ್ಷೆಯ ಮರುದಿನ ಮರೆತುಹೋಗುತ್ತವೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನಾನು ಹಲವು ವರ್ಷ ಹೀಗೆಯೇ ಕಲಿಸಿದ್ದೇನೆ. ಆ ಬಳಿಕ ಕಂಡುಕೊಂಡ ಬೇರೆ ಕ್ರಮವೊಂದನ್ನು ಕಲಬುರಗಿ, ಬೀದರ್, ಯಾದಗಿರಿಯ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಆ ಕ್ರಮದ ತಿರುಳು ಇಷ್ಟೇ: ಗೋವಾವನ್ನು ಸಮುದ್ರದ ಕಡೆಯಿಂದ ಓದಬೇಡಿ, ಘಟ್ಟ ಇಳಿಯುತ್ತ ಓದಿ. ಹಡಗಿನಲ್ಲಿ ಬಂದವರ ಕಥೆಯೆಂದು ಓದಿದರೆ ಆ ನಾಡಿನ ಚರಿತ್ರೆ 1510ರಲ್ಲಿ ಶುರುವಾಗುತ್ತದೆ ಮತ್ತು ನಮಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನಿಸುತ್ತದೆ. ಘಟ್ಟ ಇಳಿದು ಓದಿದರೆ ಮಳಖೇಡ, ಕಲ್ಯಾಣ, ಬೀದರ್ ಎಂಬ ನಮ್ಮದೇ ರಾಜಧಾನಿಗಳ ಅಧಿಕಾರ ಎಲ್ಲಿಯವರೆಗೆ ಚಾಚಿತ್ತು ಎಂಬ ಪ್ರಶ್ನೆಗೆ ಉತ್ತರವಾಗಿ ಅದೇ ಚರಿತ್ರೆ ತೆರೆದುಕೊಳ್ಳುತ್ತದೆ.

ಪೋಸ್ಟ್ ಕಾರ್ಡಿನ ಮೇಲೆ ನಕಾಶೆ

ಮೊದಲ ದಿನ ಪುಸ್ತಕ ತೆರೆಯುವುದೇ ಬೇಡ. ಒಂದು ಪೋಸ್ಟ್ ಕಾರ್ಡನ್ನು ನಿಲುವಾಗಿ ಹಿಡಿದುಕೊಳ್ಳಿ. ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರಿನ ಲೆಕ್ಕ ಹಿಡಿದರೆ ಇಡೀ ಗೋವಾ ಅದರ ಮೇಲೆ ಆರಾಮವಾಗಿ ಹಿಡಿಸುತ್ತದೆ, ಏಕೆಂದರೆ ಆ ರಾಜ್ಯದ ಉದ್ದ ಉತ್ತರದಿಂದ ದಕ್ಷಿಣಕ್ಕೆ ಸುಮಾರು 105 ಕಿಲೋಮೀಟರ್, ಅಗಲ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ಮಾತ್ರ. ಎಡಕ್ಕೆ ಸಮುದ್ರದ ಗೆರೆಯನ್ನು ಎಳೆಯಿರಿ, ಬಲಕ್ಕೆ ಸಹ್ಯಾದ್ರಿಯ ಸಾಲನ್ನು ಹಲ್ಲುಹಲ್ಲಾಗಿ ಬರೆಯಿರಿ. ಮೇಲ್ಗಡೆ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ, ಬಲಗಡೆ ನಮ್ಮ ಬೆಳಗಾವಿ ಜಿಲ್ಲೆ, ಬಲಗಡೆಯ ಕೆಳಭಾಗದಿಂದ ದಕ್ಷಿಣದವರೆಗೆ ಉತ್ತರ ಕನ್ನಡ ಜಿಲ್ಲೆ ಎಂದು ಗುರುತು ಮಾಡಿಕೊಳ್ಳಿ.

ವಿಸ್ತೀರ್ಣದ ಅಂಕಿಯನ್ನು ಅಂಕಿಯಾಗಿ ನೆನಪಿಡುವುದಕ್ಕಿಂತ ಮನೆಯ ಅಳತೆಗೆ ಹೋಲಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಬೀದರ್ ಜಿಲ್ಲೆಯೊಂದೇ 5,448 ಚದರ ಕಿಲೋಮೀಟರ್ ಇದೆ, ಎಂದರೆ ದೇಶದ ಅತಿ ಚಿಕ್ಕ ರಾಜ್ಯ ನಮ್ಮ ಒಂದು ಜಿಲ್ಲೆಯ ಮುಕ್ಕಾಲು ಭಾಗವನ್ನೂ ತುಂಬುವುದಿಲ್ಲ. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14,58,545 ಇದ್ದರೆ ಬೀದರ್ ಜಿಲ್ಲೆಯದು 17 ಲಕ್ಷ ದಾಟಿತ್ತು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಮೊದಲು ನಂಬುವುದಿಲ್ಲ, ಆಮೇಲೆ ಮರೆಯುವುದಿಲ್ಲ.

ಹೊಳೆಗಳು

ನಕಾಶೆಯ ಮೇಲೆ ಊರುಗಳನ್ನು ಬರೆಯುವ ಮುಂಚೆ ಹೊಳೆಗಳನ್ನು ಬರೆಯಬೇಕು. ಗೋವಾದ ಮಟ್ಟಿಗೆ ಹೊಳೆಗಳೇ ಗಡಿ, ಹೊಳೆಗಳೇ ದಾರಿ, ಹೊಳೆಗಳೇ ಕೋಟೆಯ ಕಂದಕ. ಉತ್ತರದ ತುದಿಯಲ್ಲಿ ತೆರೆಖೋಲ್, ಅದರ ಕೆಳಗೆ ಶಾಪೋರಾ, ನಡುವೆ ಮಾಂಡವಿ ಮತ್ತು ಜುವಾರಿ, ದಕ್ಷಿಣಕ್ಕೆ ಸಾಳ, ತಳಪಣ, ಗಾಲ್ಜಿಬಾಗ ಎಂಬ ಕಿರುಹೊಳೆಗಳು. ಇವುಗಳಲ್ಲಿ ಮಾಂಡವಿ, ಜುವಾರಿ ಎರಡನ್ನು ಅಚ್ಚುಕಟ್ಟಾಗಿ ಬರೆದರೆ ಸಾಕು, ಉಳಿದವು ತಾವಾಗಿಯೇ ಸ್ಥಳ ಹಿಡಿಯುತ್ತವೆ. ಮಾಂಡವಿಯೆಂದರೆ ಬೇರೆ ಯಾವುದೋ ಅಲ್ಲ, ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಪತ್ರಿಕೆಗಳಲ್ಲಿ ದಿನಬೆಳಗಾದರೆ ಓದುವ ಮಹದಾಯಿ ವಿವಾದವೂ, ಪಣಜಿಯ ಚಿತ್ರಗಳಲ್ಲಿ ಕಾಣುವ ಅಗಲವಾದ ನದೀಮುಖವೂ ಒಂದೇ ನೀರಿನ ಎರಡು ತುದಿಗಳೆಂಬುದು ಎಷ್ಟೋ ಪದವೀಧರರಿಗೂ ಹೊಳೆದಿರುವುದಿಲ್ಲ.

ಇಲ್ಲಿ ನಮ್ಮ ಹೊಳೆಗಳೊಂದಿಗೆ ಹೋಲಿಕೆ ಮಾಡಲೇಬೇಕು. ನಮ್ಮ ಭೀಮೆಯೂ ಕೃಷ್ಣೆಯೂ ಇದೇ ಸಹ್ಯಾದ್ರಿಯಲ್ಲಿ ಹುಟ್ಟುತ್ತವೆ. ಕೃಷ್ಣೆಯ ಉಗಮಸ್ಥಾನವಾದ ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಕೂಗಳತೆಯಲ್ಲೇ ಇದ್ದಂತಿದ್ದರೂ ಅವು ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ಎರೆಭೂಮಿಯನ್ನು ನಿಧಾನವಾಗಿ ದಾಟಿ, ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಭೀಮೆಯ ಹರಿವು 861 ಕಿಲೋಮೀಟರ್. ಅತ್ತ ಪಶ್ಚಿಮಕ್ಕೆ ಬಿದ್ದ ಮಹದಾಯಿ ಸುಮಾರು 80 ಕಿಲೋಮೀಟರಿನಲ್ಲಿ ತನ್ನ ಓಟ ಮುಗಿಸುತ್ತದೆ. ಅದೇ ಮೋಡಗಳು ಘಟ್ಟದ ಆ ಮಗ್ಗುಲಿಗೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿದು, ಕಲಬುರಗಿಗೆ ಬರುವಷ್ಟರಲ್ಲಿ ಅದರ ನಾಲ್ಕನೆಯ ಒಂದು ಪಾಲನ್ನಷ್ಟೇ ಉಳಿಸಿಕೊಂಡಿರುತ್ತವೆ. ಅಲ್ಲಿ ಭತ್ತ, ತೆಂಗು, ಗೇರು, ಇಲ್ಲಿ ಜೋಳ, ತೊಗರಿ ಏಕೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಒಂದು ಸಂಗತಿಯನ್ನು ಮಾತ್ರ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ, ಅದು ಉಬ್ಬರ. ಸಮುದ್ರ ಉಬ್ಬಿದಾಗ ಮಾಂಡವಿ, ಜುವಾರಿಗಳ ಒಳಗೆ ಉಪ್ಪುನೀರು ಹಲವು ಕಿಲೋಮೀಟರ್ ದೂರ ನುಗ್ಗುತ್ತದೆ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಸರ್, ಹಂಗಾದ್ರ ಹೊಳಿ ಉಲ್ಟಾ ಹರಿತದೇನ್ರಿ?” ಎಂದು ಕೇಳಿದ. ಭೀಮೆಯ ದಂಡೆಯಲ್ಲಿ ಬೆಳೆದವನಿಗೆ ಬರಲೇಬೇಕಾದ ಪ್ರಶ್ನೆ ಅದು. ಹೌದು, ದಿನಕ್ಕೆ ಎರಡು ಸಲ ಹಾಗೆ ಆಗುತ್ತದೆ, ಮತ್ತು ಆ ಉಪ್ಪುನೀರನ್ನು ತಡೆಯಲು ಗೋವಾದ ರೈತರು ಮಣ್ಣಿನ ಒಡ್ಡುಗಳನ್ನು ಕಟ್ಟಿ, ಒಡ್ಡಿನ ಬಾಯಿಗೆ ಮಾನಸ ಎಂಬ ಮರದ ಬಾಗಿಲುಗಳನ್ನು ಇಟ್ಟು, ತಗ್ಗಿನ ಭೂಮಿಯನ್ನು ಗದ್ದೆ ಮಾಡಿಕೊಂಡರು. ಹೊರಗಿನ ನೀರು ಏರಿದಾಗ ಅದರ ಒತ್ತಡಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ನೀರು ಅದನ್ನು ತಳ್ಳಿಕೊಂಡು ಹೊರಹೋಗುತ್ತದೆ. ಈ ಭೂಮಿಗೆ ಅಲ್ಲಿ ಖಾಜನ ಎನ್ನುತ್ತಾರೆ, ನಮ್ಮ ಉತ್ತರ ಕನ್ನಡದವರು ಇಂಥದ್ದನ್ನೇ ಗಜನಿ ಎನ್ನುತ್ತಾರೆ. ಒಡ್ಡು ಒಬ್ಬರಿಂದ ಕಾಯುವಂಥದ್ದಲ್ಲವಾದ್ದರಿಂದ ಗಾಂವಕರರು ಎನ್ನುವ, ಊರಿನ ಮೂಲ ಮನೆತನಗಳವರೆಲ್ಲ ಸೇರಿ ಭೂಮಿಯನ್ನು ಸಾಮೂಹಿಕವಾಗಿ ನೋಡಿಕೊಳ್ಳುವ ಪದ್ಧತಿ ಅಲ್ಲಿ ಗಟ್ಟಿಯಾಗಿ ಬೇರೂರಿತು. ಪೋರ್ಚುಗೀಸರು ಅದನ್ನು ಕೆಡವದೆ 1526ರಲ್ಲಿ ಅದರ ಕಟ್ಟಳೆಗಳನ್ನು ಬರೆಸಿಟ್ಟರು, ಮತ್ತು ಆ ಸಂಸ್ಥೆ ಕೊಮುನಿದಾದೆ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಹೊಳೆಯ ಉಬ್ಬರದಿಂದ ಹೊರಟು ಊರಿನ ಆಡಳಿತದವರೆಗೆ ಒಂದೇ ದಾರ ಹೀಗೆ ಸಾಗುತ್ತದೆ. ಭೂಗೋಳವನ್ನೂ ಇತಿಹಾಸವನ್ನೂ ಬೇರೆ ಬೇರೆ ಗಂಟೆಗಳಲ್ಲಿ ಓದಬಾರದು ಎನ್ನುವುದು ಇದಕ್ಕೇ.

ಕಲ್ಲಿನ ಬಗ್ಗೆಯೂ ಒಂದು ಮಾತು. ಗೋವಾದ ಗುಡ್ಡ, ಗೋಡೆ, ಕೋಟೆಗಳಲ್ಲಿ ಕಾಣುವ ಕೆಂಪು ತೂತುತೂತಾದ ಕಲ್ಲು ಜಂಬಿಟ್ಟಿಗೆ. ಕಲಬುರಗಿ, ಶಹಾಬಾದ್ ಕಡೆಯ ಫರಸಿ ಕಲ್ಲಿಗೆ ಒಗ್ಗಿದ ಕಣ್ಣಿಗೆ ಅದು ಹೊಸದು, ಆದರೆ ಬೀದರಿನವರಿಗೆ ಹೊಸದಲ್ಲ. ಬೀದರ್ ನಿಂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಅಲ್ಲಿಯ ಕೋಟೆಯ ಕಂದಕವನ್ನು ಕಡಿದದ್ದೂ ಅದೇ ಕಲ್ಲಿನಲ್ಲಿ. ಬೀದರಿನಿಂದ ತಂದ ಒಂದು ತುಂಡನ್ನು ಮೇಜಿನ ಮೇಲಿಟ್ಟು ಪಾಠ ಮಾಡಿ, ಮಕ್ಕಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಲಿ.

ನಾಲ್ಕು ರಾಜಧಾನಿಗಳು

ಈಗ ಇತಿಹಾಸಕ್ಕೆ ಬರೋಣ. ಅರಸುಮನೆತನಗಳ ಪಟ್ಟಿಯಿಂದ ಆರಂಭಿಸದೆ, ರಾಜಧಾನಿಗಳು ಹೊಳೆಯ ಜೊತೆ ಹೇಗೆ ಸರಿದವು ಎಂಬುದರಿಂದ ಆರಂಭಿಸಿ. ಪೋಸ್ಟ್ ಕಾರ್ಡಿನ ನಕಾಶೆಯ ಮೇಲೆ ನಾಲ್ಕು ಚುಕ್ಕೆಗಳನ್ನು ಇಡಬೇಕು. ಮೊದಲನೆಯದು ಒಳನಾಡಿನಲ್ಲಿ, ಜುವಾರಿಯ ಉಪನದಿಯಾದ ಕುಶಾವತಿಯ ದಂಡೆಯ ಚಂದ್ರಪುರ, ಅಂದರೆ ಇಂದಿನ ಚಾಂದೋರ್. ಅದು ಭೋಜರೆಂಬ ಪ್ರಾಚೀನ ಅರಸುಮನೆತನದ ಕಾಲದ್ದು, ಕದಂಬರ ಆರಂಭಕಾಲದ್ದೂ ಹೌದು. ಎರಡನೆಯದು ಜುವಾರಿಯ ಉತ್ತರ ದಂಡೆಯ ಗೋಪಕಪಟ್ಟಣ, 11ನೇ ಶತಮಾನದಲ್ಲಿ ಗೋವೆಯ ಕದಂಬರು ಕಟ್ಟಿ ಬೆಳೆಸಿದ ಬಂದರು. ಮೂರನೆಯದು ಮಾಂಡವಿಯ ದಂಡೆಯ ಏಳಾ, ಈಗ ಚರ್ಚುಗಳಿರುವ ಹಳೆಯ ಗೋವಾ. ನಾಲ್ಕನೆಯದು ಅದೇ ಮಾಂಡವಿ ಸಮುದ್ರ ಸೇರುವ ಕಡೆಯ ಪಣಜಿ.

ಚುಕ್ಕೆಗಳನ್ನು ಕ್ರಮವಾಗಿ ಸೇರಿಸಿ ನೋಡಿದರೆ ಅಧಿಕಾರ ಒಳನಾಡಿನಿಂದ ಸಮುದ್ರದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಇಳಿದದ್ದು ಕಾಣುತ್ತದೆ. ವ್ಯಾಪಾರ ಹೆಚ್ಚಿದಂತೆ ಹಡಗು ನಿಲ್ಲುವ ನೀರು ಬೇಕಾಯಿತು, ಆದ್ದರಿಂದ ಚಂದ್ರಪುರ ಬಿಟ್ಟು ಗೋಪಕಪಟ್ಟಣಕ್ಕೆ ಬಂದರು. ದಾಳಿಗಳಿಂದಲೂ ಬಂದರಿನಲ್ಲಿ ಹೂಳು ತುಂಬಿದ್ದರಿಂದಲೂ ಗೋಪಕಪಟ್ಟಣ ಕುಗ್ಗಿದಾಗ ಮಾಂಡವಿಯ ದಂಡೆ ಮುಂದೆ ಬಂತು. ಹಳೆಯ ಗೋವಾದಲ್ಲಿ ಮೇಲಿಂದ ಮೇಲೆ ಸಾಂಕ್ರಾಮಿಕ ರೋಗಗಳು ಹಬ್ಬಿ ಜನ ಊರು ತೊರೆದಾಗ ಪಣಜಿ ಬೆಳೆಯಿತು, 1843ರಲ್ಲಿ ಅಧಿಕೃತವಾಗಿ ರಾಜಧಾನಿಯಾಯಿತು. ಈ ನಾಲ್ಕು ಚುಕ್ಕೆಗಳು ಮನಸ್ಸಿನಲ್ಲಿ ಕುಳಿತರೆ ಯಾವ ಮನೆತನ ಯಾವಾಗ ಬಂತು ಎಂಬುದನ್ನು ಅವುಗಳಿಗೆ ತೂಗುಹಾಕಿದರಾಯಿತು.

ನಮ್ಮ ರಾಜಧಾನಿಗಳ ಕೊಂಡಿ

ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಕಾಶೆಯ ಬಲ ಅಂಚಿನಾಚೆ, ಕಾರ್ಡಿನ ಹೊರಗೆ, ಇನ್ನೂ ಮೂರು ಹೆಸರುಗಳನ್ನು ಬರೆದು ಅಲ್ಲಿಂದ ಗೋವಾಕ್ಕೆ ಬಾಣದ ಗುರುತು ಹಾಕಬೇಕು.

ಮೊದಲನೆಯ ಹೆಸರು ಸೇಡಂ ತಾಲ್ಲೂಕಿನ ಮಳಖೇಡ. ರಾಷ್ಟ್ರಕೂಟರ ಕಾಲದಲ್ಲಿ ದಕ್ಷಿಣ ಕೊಂಕಣವನ್ನೂ ಗೋವಾವನ್ನೂ ಆಳುತ್ತಿದ್ದ ಶಿಲಾಹಾರರು ಅವರ ಮಾಂಡಲಿಕರಾಗಿದ್ದರು. ಇಷ್ಟು ಸಾಕು, ಮುಂದಕ್ಕೆ ಹೋಗಬಹುದು.

ಎರಡನೆಯದು ಬಸವಕಲ್ಯಾಣ. ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿ ಗೋವೆಯ ಕದಂಬರು ಆಳಿದರು, ಮತ್ತು ಈ ಸಂಬಂಧ ಕಪ್ಪಕಾಣಿಕೆಗೆ ಮಾತ್ರ ಸೀಮಿತವಾಗಿರಲಿಲ್ಲ. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಗೋವೆಯ ಕದಂಬ ಅರಸ ಎರಡನೆಯ ಜಯಕೇಶಿಗೆ ಕೊಟ್ಟು ಮದುವೆ ಮಾಡಲಾಗಿತ್ತು. ನಮ್ಮ ಬೀದರ್ ಜಿಲ್ಲೆಯ ನೆಲದಿಂದ ಒಬ್ಬ ಅರಸುಕುವರಿ ಘಟ್ಟ ಇಳಿದು ಆ ಮನೆತನದ ಸೊಸೆಯಾದಳು ಎಂದು ಹೇಳಿದರೆ ಮಕ್ಕಳಿಗೆ ‘ಮಾಂಡಲಿಕ’ ಎಂಬ ಒಣ ಪದಕ್ಕೆ ಜೀವ ಬರುತ್ತದೆ. ಕದಂಬರ ಶಾಸನಗಳಲ್ಲಿ ಅನೇಕವು ಕನ್ನಡದಲ್ಲಿವೆ, ಅವರ ಆಳ್ವಿಕೆ ಘಟ್ಟದ ಮೇಲಿನ ಹಲಸಿಯನ್ನೂ ಒಳಗೊಂಡಿತ್ತು. ಅವರ ಕುಲದೇವರು ಸಪ್ತಕೋಟೇಶ್ವರ, ಲಾಂಛನ ಸಿಂಹ. ಅವರ ಕಾಲದ ಗುಡಿಗಳಲ್ಲಿ ಪೂರ್ತಿಯಾಗಿ ಉಳಿದುಬಂದದ್ದು ತಾಂಬ್ಡಿ ಸುರ್ಲಾದ ಮಹಾದೇವ ಗುಡಿ. ಸುತ್ತ ಕೆಂಪು ಜಂಬಿಟ್ಟಿಗೆಯ ನಾಡಿನಲ್ಲಿ, ಘಟ್ಟದ ಬುಡದ ದಟ್ಟ ಕಾಡಿನೊಳಗೆ, ಕಪ್ಪು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಆ ಚಿಕ್ಕ ಗುಡಿಯ ಕಂಬ, ಜಾಲಂದ್ರ, ನಂದಿಯನ್ನು ಕಂಡರೆ ನಮ್ಮ ಕಡೆಯ ಚಾಲುಕ್ಯರ ಗುಡಿಗಳನ್ನು ಕಂಡವರಿಗೆ ಪರಿಚಯದ ಮುಖ ಕಂಡಂತಾಗುತ್ತದೆ. ಗೋವಾ ಸರ್ಕಾರದ ಬಸ್ಸುಗಳ ಮೇಲೆ ಇವತ್ತಿಗೂ ಬರೆದಿರುವ ಹೆಸರು ಕದಂಬ.

ಮೂರನೆಯ ಹೆಸರು ಬೀದರ್. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಹುಟ್ಟಿ, ಮುಂದೆ ರಾಜಧಾನಿಯನ್ನು ಬೀದರಿಗೆ ಸಾಗಿಸಿದ ಬಹಮನಿ ರಾಜ್ಯವೂ ವಿಜಯನಗರವೂ ಗೋವಾಕ್ಕಾಗಿ ಬಹುಕಾಲ ಹೊಡೆದಾಡಿದವು. ಕಾರಣವನ್ನು ಒಂದೇ ಪದದಲ್ಲಿ ಹೇಳಬಹುದು, ಕುದುರೆ. ದಖ್ಖನಿನಲ್ಲಿ ಒಳ್ಳೆಯ ಯುದ್ಧದ ಕುದುರೆಗಳ ತಳಿ ಬೆಳೆಯುತ್ತಿರಲಿಲ್ಲ. ಅವು ಅರಬಸ್ಥಾನದಿಂದ, ಹೊರ್ಮುಜ್‌ನಿಂದ ಹಡಗೇರಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದು ಇಳಿಯಬೇಕಿತ್ತು. ಬಂದರು ಯಾರ ಕೈಯಲ್ಲಿದೆಯೋ ಕುದುರೆ ಅವರ ಲಾಯದಲ್ಲಿ. 14ನೇ ಶತಮಾನದ ಉತ್ತರಾರ್ಧದಿಂದ ಸುಮಾರು ನೂರು ವರ್ಷ ಗೋವಾ ವಿಜಯನಗರದ ಕೈಯಲ್ಲಿತ್ತು. ಬೀದರಿನ ವಜೀರ ಮಹಮೂದ್ ಗವಾನ ಕೊಂಕಣದ ಕೋಟೆಗಳನ್ನು ಒಂದೊಂದಾಗಿ ಹಿಡಿದು, ಕೊನೆಗೆ ನೆಲದಿಂದಲೂ ನೀರಿನಿಂದಲೂ ಮುತ್ತಿ 1472ರಲ್ಲಿ ಗೋವಾವನ್ನು ಗೆದ್ದುಕೊಂಡ. ಬೀದರಿನಲ್ಲಿ ಅವನು ಕಟ್ಟಿಸಿದ ಮದರಸಾ ಮುಗಿದದ್ದೂ 1472ರಲ್ಲೇ. ಆದ್ದರಿಂದ ಗೋವಾದ ಪಾಠಕ್ಕೆ ಮೊದಲ ಪ್ರವಾಸ ಗೋವಾಕ್ಕಲ್ಲ, ಬೀದರಿಗೆ. ಆ ಮದರಸಾದ ಉಳಿದಿರುವ ಒಂದು ಮಿನಾರಿನ ಕೆಳಗೆ, ನೀಲಿ ಹೆಂಚುಗಳ ಅವಶೇಷಗಳನ್ನು ತೋರಿಸುತ್ತ, ಈ ಕಟ್ಟಡ ಎದ್ದ ವರ್ಷವೇ ಇಲ್ಲಿಂದ ಹೋದ ಸೈನ್ಯ ಸಮುದ್ರ ಮುಟ್ಟಿತ್ತು ಎಂದು ಹೇಳಿದರೆ 1472 ಎಂಬ ಇಸವಿಯನ್ನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿಯನ್ನೂ ಸೇರಿಸಬಹುದು. ಅದೇ ಕಾಲದಲ್ಲಿ ಬೀದರಿನಲ್ಲಿ ತಂಗಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಈ ದೇಶಕ್ಕೆ ಬಂದದ್ದೇ ಒಂದು ಕುದುರೆಯನ್ನು ಮಾರುವ ಆಸೆಯಿಂದ. ಚೌಲ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದ ಆತ ಆಳಂದದ ಜಾತ್ರೆಯಲ್ಲಿ ನಡೆಯುತ್ತಿದ್ದ ಭಾರಿ ಕುದುರೆ ವ್ಯಾಪಾರವನ್ನು ದಾಖಲಿಸಿದ್ದಾನೆ. ಕಲಬುರಗಿಯಿಂದ ಬಸ್ಸಿನಲ್ಲಿ ಗಂಟೆಯೊಂದರ ದಾರಿಯ ಆಳಂದಕ್ಕೂ ಹೊರ್ಮುಜಿನ ಹಡಗಿಗೂ ನಡುವಿನ ಹಗ್ಗ ಕೊಂಕಣದ ಬಂದರುಗಳ ಮೂಲಕವೇ ಹಾದುಹೋಗಿತ್ತು.

ಗವಾನನನ್ನು ಸುಳ್ಳು ಪತ್ರದ ಆರೋಪ ಹೊರಿಸಿ 1481ರಲ್ಲಿ ಕೊಲ್ಲಿಸಲಾಯಿತು. ಬಹಮನಿ ರಾಜ್ಯ ಒಡೆಯಿತು, ಗೋವಾ ವಿಜಯಪುರದ ಆದಿಲ್ ಶಾಹಿಗಳ ಪಾಲಿಗೆ ಬಂತು. ಆಗಲೇ ಮಾಂಡವಿಯ ದಂಡೆಯ ಊರು ದೊಡ್ಡ ಪಟ್ಟಣವಾಗಿ ಬೆಳೆದದ್ದು. ಪಣಜಿಯಲ್ಲಿ ಆದಿಲ್ ಶಾಹ ಕಟ್ಟಿಸಿದ ಅರಮನೆ ಮುಂದೆ ಪೋರ್ಚುಗೀಸ್ ಅಧಿಕಾರಿಗಳ ನಿವಾಸವಾಗಿ, ವಿಮೋಚನೆಯ ನಂತರ ಸಚಿವಾಲಯವಾಗಿ ಬಳಕೆಯಲ್ಲಿತ್ತು.

1510ರ ವರ್ಷವನ್ನು ಓದುವ ಬಗೆ

ಇಲ್ಲಿಗೆ ಬಂದ ಮೇಲೆ ಪೋರ್ಚುಗೀಸರ ಕಥೆ ಸುಲಭ. ಆದರೆ 1510 ಎಂಬ ಒಂದು ಇಸವಿಯೊಳಗೆ ಮೂರು ಘಟನೆಗಳಿವೆ ಎಂಬುದನ್ನು ಬಿಡಿಸಿ ಓದಬೇಕು. ಹೊನ್ನಾವರದ ತಿಮ್ಮಯ್ಯ ಎಂಬ ನಾವಿಕ ಮುಖಂಡನ ಸಲಹೆ, ಸಹಾಯದಿಂದ ಪೋರ್ಚುಗೀಸರ ಗವರ್ನರ್ ಅಫೊನ್ಸೊ ಡಿ ಅಲ್ಬುಕರ್ಕ್ ಆ ವರ್ಷದ ಆರಂಭದಲ್ಲಿ ಹೆಚ್ಚು ಪ್ರತಿರೋಧವಿಲ್ಲದೆ ಊರನ್ನು ಹಿಡಿದ. ಮೇ ತಿಂಗಳಿನಲ್ಲಿ ಆದಿಲ್ ಶಾಹಿ ಸೈನ್ಯ ಬಂದು ಅವನನ್ನು ಹೊರಗಟ್ಟಿತು. ಆಗ ಅವನ ಹಡಗುಗಳು ಸಮುದ್ರಕ್ಕೆ ಹೊರಡಲು ಮಳೆಗಾಲದ ಅಲೆಗಳು ಬಿಡಲಿಲ್ಲ, ಅನ್ನ ನೀರಿಗೆ ತತ್ವಾರವಾಗಿ ತಿಂಗಳುಗಟ್ಟಲೆ ಮಾಂಡವಿಯ ಮುಖದಲ್ಲೇ ಅವರು ಸಿಕ್ಕಿಬಿದ್ದರು. ಮಳೆ ನಿಂತ ಮೇಲೆ ಹೊರಹೋಗಿ, ಬಲ ಕೂಡಿಸಿಕೊಂಡು ಬಂದು ನವೆಂಬರ್ 25ರಂದು ಮತ್ತೆ ಗೆದ್ದರು. ಅದೇ ವರ್ಷ ಯೂಸುಫ್ ಆದಿಲ್ ಶಾಹ ತೀರಿಕೊಂಡು ವಿಜಯಪುರದ ಗದ್ದುಗೆಯ ಮೇಲೆ ಬಾಲಕನೊಬ್ಬ ಕುಳಿತಿದ್ದ. ಮುಂಗಾರು ಮಳೆ ಒಂದು ಯುದ್ಧದ ಗತಿಯನ್ನು ತಿದ್ದಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಶಾಲೆಯ ಪಾಠದಲ್ಲಿ ಸಿಗುವುದು ಕಷ್ಟ.

ಮುಂದಿನ ಕೆಲಸ ತಾಲ್ಲೂಕುಗಳಿಗೆ ಎರಡು ಬಣ್ಣ ಹಚ್ಚುವುದು. ತಿಸವಾಡಿ, ಬಾರ್ದೇಸ, ಸಾಷ್ಟಿ, ಮುರಗಾಂವಗಳಿಗೆ ಒಂದು ಬಣ್ಣ ಕೊಡಿ. ಇವು ಹಳೆಯ ಗೆಲುವಿನ ಪ್ರದೇಶ, 1510ರಿಂದ 1543ರೊಳಗೆ ಪೋರ್ಚುಗೀಸರ ಕೈಸೇರಿದವು. ಪೆಡ್ನೆ, ಡಿಚೋಲಿ, ಸತ್ತರಿ, ಫೋಂಡಾ, ಸಾಂಗೆ, ಕೆಪೆ, ಕಾಣಕೋಣಗಳಿಗೆ ಇನ್ನೊಂದು ಬಣ್ಣ. ಇವು ಹೊಸ ಗೆಲುವಿನ ಪ್ರದೇಶ, ಬಹುಮಟ್ಟಿಗೆ 18ನೇ ಶತಮಾನದ ಉತ್ತರಾರ್ಧದಲ್ಲಿ ಸೋದೆಯ ಅರಸರಿಂದ, ಸಾವಂತವಾಡಿಯ ಭೋಂಸಲೆಗಳಿಂದ ಬಂದವು. ಈಚೆಗೆ ಸಾಂಗೆಯಿಂದ ಬೇರೆಯಾದ ಧಾರಬಾಂದೋಡಾಕ್ಕೂ ಇದೇ ಬಣ್ಣ, ಹೀಗೆ ಹನ್ನೆರಡು ತಾಲ್ಲೂಕುಗಳು. ತಿಸವಾಡಿ ಎಂದರೆ ಮೂವತ್ತು ಊರು, ಸಾಷ್ಟಿ ಎಂದರೆ ಅರವತ್ತಾರು ಎಂಬ ಅರ್ಥಗಳನ್ನೂ ಪಕ್ಕದಲ್ಲಿ ಬರೆದುಕೊಂಡರೆ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆ.

ಈ ಎರಡು ಬಣ್ಣಗಳ ನಡುವೆ ಇನ್ನೂರು ವರ್ಷಗಳಿಗೂ ಮೀರಿದ ಅಂತರವಿದೆ, ಗೋವಾದ ಸಮಾಜವನ್ನು ಅರ್ಥಮಾಡಿಕೊಳ್ಳುವ ಕೀಲಿಯೂ ಅದೇ. ಹಳೆಯ ಗೆಲುವಿನ ನೆಲದಲ್ಲಿ 16ನೇ ಶತಮಾನದಲ್ಲಿ ಗುಡಿಗಳನ್ನು ಕೆಡವಲಾಯಿತು, ಮತಾಂತರ ದೊಡ್ಡ ಪ್ರಮಾಣದಲ್ಲಿ ನಡೆಯಿತು, 1560ರಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಗಿ, ನಡುವೆ ಕೆಲವೇ ವರ್ಷ ನಿಂತದ್ದು ಬಿಟ್ಟರೆ, 1812ರವರೆಗೆ ನಡೆಯಿತು. ಆಗ ಭಕ್ತರು ತಮ್ಮ ದೇವರುಗಳನ್ನು ರಾತ್ರೋರಾತ್ರಿ ಹೊಳೆ ದಾಟಿಸಿ ಫೋಂಡಾದ ಕಡೆಗೆ ಸಾಗಿಸಿದರು, ಏಕೆಂದರೆ ಜುವಾರಿಯಾಚೆಯ ಆ ನೆಲ ಅಂದು ಆದಿಲ್ ಶಾಹಿಗಳದ್ದು. ಕುಶಸ್ಥಳಿಯ ಮಂಗೇಶ ಮಂಗೇಶಿಗೆ ಬಂದದ್ದು, ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಬಂದದ್ದು ಹೀಗೆ. ವಿಜಯಪುರದ ಮುಸ್ಲಿಂ ಅರಸರ ನೆಲದಲ್ಲಿ ಹಿಂದೂ ದೇವರುಗಳು ಆಶ್ರಯ ಪಡೆದವು ಎಂಬ ಈ ಸಂಗತಿಯನ್ನು ತರಗತಿಯಲ್ಲಿ ಅವಸರದಿಂದ ದಾಟಿಬಿಡಬಾರದು. ಫೋಂಡಾದ ಸುತ್ತ ಗುಡಿಗಳು ಅಷ್ಟೊಂದು ಒತ್ತಾಗಿ ಏಕಿವೆ ಎಂಬ ಪ್ರವಾಸಿಗರ ಪ್ರಶ್ನೆಗೆ ಉತ್ತರ ಹೊಳೆಯ ನಕಾಶೆಯಲ್ಲಿಯೇ ಇದೆ. ಭಾರತದ ಮೊದಲ ಮುದ್ರಣಯಂತ್ರ 1556ರಲ್ಲಿ ಕೆಲಸ ಆರಂಭಿಸಿದ್ದು ಹಳೆಯ ಗೋವಾದಲ್ಲೇ ಎಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಿ.

ವಿಮೋಚನೆಯ ಪಾಠ

ನಮ್ಮ ಭಾಗದ ಮಕ್ಕಳಿಗೆ ಇದನ್ನು ವಿವರಿಸುವುದು ಬೆಂಗಳೂರು, ಮೈಸೂರಿನ ಮಕ್ಕಳಿಗೆ ವಿವರಿಸುವುದಕ್ಕಿಂತ ಸುಲಭ, ಏಕೆಂದರೆ 1947ರ ಆಗಸ್ಟ್ 15ರಂದು ನಮ್ಮ ಅಜ್ಜ ಅಜ್ಜಿಯರ ಪಾಲಿಗೂ ಸ್ವಾತಂತ್ರ್ಯ ಬಂದಿರಲಿಲ್ಲ. ನಿಜಾಮನ ಆಳ್ವಿಕೆಯಿಂದ ನಾವು ಬಿಡುಗಡೆಯಾದದ್ದು 1948ರ ಸೆಪ್ಟೆಂಬರ್ 17ರಂದು. ಗೋವಾದವರು ಇನ್ನೂ 13 ವರ್ಷ ಕಾಯಬೇಕಾಯಿತು. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ರಾಮಮನೋಹರ ಲೋಹಿಯಾ ನಿಷೇಧಾಜ್ಞೆ ಮುರಿದು ಸಭೆ ನಡೆಸಿದರು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಕೊನೆಗೆ 1961ರ ಡಿಸೆಂಬರ್ 18ರಂದು ಸೇನಾ ಕಾರ್ಯಾಚರಣೆ ಆರಂಭವಾಗಿ, ಬೆಳಗಾವಿಯನ್ನು ನೆಲೆ ಮಾಡಿಕೊಂಡಿದ್ದ ಪಡೆಗಳೂ ಘಟ್ಟ ಇಳಿದು ಫೋಂಡಾದ ಕಡೆಗೆ ನುಗ್ಗಿ, 19ರಂದು ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾದ. 451 ವರ್ಷಗಳ ಆಳ್ವಿಕೆ ಎರಡು ದಿನಗಳಲ್ಲಿ ಮುಗಿಯಿತು.

ಆಮೇಲಿನ ಇಸವಿಗಳು ಬೇಗ ಮುಗಿಯುತ್ತವೆ. 1967ರ ಜನವರಿ 16ರ ಜನಮತ ಸಂಗ್ರಹದಲ್ಲಿ ಗೋವಾದವರು ಮಹಾರಾಷ್ಟ್ರದಲ್ಲಿ ವಿಲೀನವಾಗುವುದನ್ನು ಒಪ್ಪಲಿಲ್ಲ. 1987ರಲ್ಲಿ ಕೊಂಕಣಿ ರಾಜಭಾಷೆಯಾಯಿತು, ಅದೇ ವರ್ಷ ಮೇ 30ರಂದು ದಮನ್ ಮತ್ತು ದಿಯು ಬೇರ್ಪಟ್ಟು ಗೋವಾ 25ನೆಯ ರಾಜ್ಯವಾಯಿತು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಸಂವಿಧಾನದಲ್ಲಿ ಗೋವಾಕ್ಕೆ ಸಂಬಂಧಿಸಿದ ವಿಶೇಷ ವಿಧಿ 371(ಐ), ಅದರ ಮರುಸಾಲಿನಲ್ಲೇ ಬರುವುದು ನಮ್ಮ ಕಲ್ಯಾಣ ಕರ್ನಾಟಕದ 371(ಜೆ). ನೌಕರಿ, ಸೀಟುಗಳ ಸಲುವಾಗಿ ಎರಡನೆಯದನ್ನು ಕಂಠಪಾಠ ಮಾಡಿರುವ ನಮ್ಮ ವಿದ್ಯಾರ್ಥಿಗಳು ಒಂದು ಅಕ್ಷರ ಹಿಂದೆ ಸರಿದರೆ ಮೊದಲನೆಯದೂ ಸಿಗುತ್ತದೆ.

ಎಡವುವ ಜಾಗಗಳು

ಉತ್ತರ ಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪುಗಳು ಮೂರು. ವಾಸ್ಕೋ ಡ ಗಾಮ ಎಂಬ ಊರು ಗೋವಾದಲ್ಲಿರುವ ಕಾರಣ ಆತ 1498ರಲ್ಲಿ ಅಲ್ಲಿಯೇ ಬಂದಿಳಿದನೆಂದು ಬರೆಯುತ್ತಾರೆ, ಆತ ಇಳಿದದ್ದು ಕೇರಳದ ಕೋಳಿಕ್ಕೋಡಿನ ಬಳಿ. ಇನ್ನು ‘ಗೋವಾ ವೆಲ್ಹಾ’ ಮತ್ತು ‘ವೆಲ್ಹಾ ಗೋವಾ’ ಎಂಬ ಎರಡು ಹೆಸರುಗಳನ್ನು ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ಜುವಾರಿಯ ಕಡೆಯ, ಕದಂಬರ ಗೋಪಕಪಟ್ಟಣವಿದ್ದ ಊರು. ಎರಡನೆಯದು ಮಾಂಡವಿಯ ಕಡೆಯ, ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವಿರುವ ಬಾಂ ಜೀಸಸ್ ಬೆಸಿಲಿಕಾದ ಊರು. ಅಲ್ಲಿಯ ಚರ್ಚುಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಮೂರನೆಯ ತಪ್ಪು ದಿನಾಂಕಗಳದ್ದು: ಜೂನ್ 18 ಕ್ರಾಂತಿ ದಿನ, ಡಿಸೆಂಬರ್ 19 ವಿಮೋಚನಾ ದಿನ, ಮೇ 30 ರಾಜ್ಯೋದಯದ ದಿನ. ಇವುಗಳನ್ನು ಅದಲು ಬದಲು ಮಾಡಬಾರದು.

ಹೋಗಿ ನೋಡುವವರಿಗೆ

ಶಾಲಾ ಪ್ರವಾಸಗಳು ಸಾಮಾನ್ಯವಾಗಿ ನೇರ ಕಡಲದಂಡೆಗೆ ಹೋಗಿ, ಎರಡು ಚರ್ಚು ತೋರಿಸಿ ಮರಳುತ್ತವೆ. ನನ್ನ ಸಲಹೆ ಬೇರೆ. ಮಳೆಗಾಲ ಮುಗಿದ ಕೂಡಲೇ, ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಲೋಂಡಾದ ಮೂಲಕ ಹಗಲಿನಲ್ಲಿ ಘಟ್ಟ ಇಳಿಯುವ ರೈಲನ್ನು ಹಿಡಿಯಿರಿ. 1880ರ ದಶಕದಲ್ಲಿ ಹಾಕಿದ ದಾರಿ ಅದು. ಕ್ಯಾಸಲ್ ರಾಕ್ ದಾಟಿದ ಮೇಲೆ 37 ಅಡಿ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಇಳಿಜಾರಿನಲ್ಲಿ, ಸುರಂಗಗಳ ನಡುವೆ, 310 ಮೀಟರ್ ಎತ್ತರದ ದೂಧಸಾಗರ ಜಲಪಾತದ ಎದುರೇ ಹಾದು ಕುಳೆಂ ತಲುಪುತ್ತದೆ. ಪೋಸ್ಟ್ ಕಾರ್ಡಿನ ನಕಾಶೆ ಮಕ್ಕಳ ತೊಡೆಯ ಮೇಲಿರಲಿ. ಕುಳೆಂನಲ್ಲಿ ಇಳಿದು ಮೊದಲು ತಾಂಬ್ಡಿ ಸುರ್ಲಾ, ಆಮೇಲೆ ಚಾಂದೋರ್, ಗೋವಾ ವೆಲ್ಹಾ, ಹಳೆಯ ಗೋವಾ, ಕೊನೆಗೆ ಪಣಜಿ, ಈ ಅನುಕ್ರಮದಲ್ಲಿ ನೋಡಿ. ಹಳೆಯ ಗೋವಾದಲ್ಲಿ ಸಂತ ಕಜೆತಾನ ಚರ್ಚಿನ ಹತ್ತಿರ ಆದಿಲ್ ಶಾಹಿ ಅರಮನೆಯದೆಂದು ಹೇಳುವ ಒಂದು ಕಲ್ಲಿನ ಬಾಗಿಲಿನ ಚೌಕಟ್ಟು ಒಂಟಿಯಾಗಿ ನಿಂತಿದೆ. ಮಾರ್ಗದರ್ಶಿಗಳು ಅದರ ಮುಂದೆ ನಿಲ್ಲುವುದು ಕಡಿಮೆ, ನೀವು ನಿಲ್ಲಿ.

ವಾಸ್ಕೋ ಕಡೆಗೆ ಹೋದರೆ ಅಂಗಡಿಯಲ್ಲೋ ಬಸ್ ನಿಲ್ದಾಣದಲ್ಲೋ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಬರಗಾಲದಲ್ಲಿ ದುಡಿಮೆ ಹುಡುಕಿಕೊಂಡು ಉತ್ತರ ಕರ್ನಾಟಕದಿಂದ ಘಟ್ಟ ಇಳಿದು ಹೋದವರು ಅವರು. ಎಷ್ಟು ವರ್ಷವಾಯಿತು, ಯಾವ ದಾರಿಯಲ್ಲಿ ಬಂದಿರಿ, ಮಕ್ಕಳು ಶಾಲೆಯಲ್ಲಿ ಯಾವ ಭಾಷೆ ಓದುತ್ತಾರೆ ಎಂದು ವಿದ್ಯಾರ್ಥಿಗಳೇ ಕೇಳಿ, ಅವರ ಉತ್ತರವನ್ನು ಕಾರ್ಡಿನ ಹಿಂಬದಿಯಲ್ಲಿ ಇಸವಿಯ ಸಮೇತ ಬರೆದುಕೊಳ್ಳಲಿ.